ಅಮೊನೈಟ್ ಪಳೆಯುಳಿಕೆ ಸಂಗ್ರಹ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಆಸಕ್ತರಿಗೊಂದು ಮಾರ್ಗದರ್ಶಿ

ತಿಪಟೂರು, ಮಾಲೂರು, ಗೌರಿಬಿದನೂರು ಕಡೆಯ ಓದುಗರಿಂದ, ಅದರಲ್ಲೂ ವಿಜ್ಞಾನ ಮೇಳಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಶಿಕ್ಷಕರಿಂದ, ಪದೇ ಪದೇ ಬರುವ ಪ್ರಶ್ನೆ ಒಂದೇ: ಸುರುಳಿ ಚಿಪ್ಪಿನ ಪ್ರಾಚೀನ ಸಮುದ್ರಜೀವಿಗಳಾದ ಅಮೊನೈಟ್‌ಗಳ ಪಳೆಯುಳಿಕೆ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ? ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅವು ಎಲ್ಲಿಯೂ ಸಿಗುವುದಿಲ್ಲ. ಸಿಕ್ಕಿದೆ ಎಂದು ಯಾರಾದರೂ ತೋರಿಸಿದರೆ ಅದು ಬೇರೆಡೆಯಿಂದ ಬಂದ ಕಲ್ಲಾಗಿರುತ್ತದೆ, ಇಲ್ಲವೇ ಅಮೊನೈಟ್ ಅಲ್ಲದ ಬೇರೇನೋ ಆಗಿರುತ್ತದೆ. ಆದರೆ ಇಲ್ಲಿಂದ ಒಂದು ದಿನದ ಪ್ರಯಾಣದ ದೂರದಲ್ಲಿ, ತಮಿಳುನಾಡಿನ ಪೆರಂಬಲೂರು ಮತ್ತು ಅರಿಯಲೂರು ಜಿಲ್ಲೆಗಳಲ್ಲಿ, ಭಾರತದ ಅತ್ಯಂತ ಪ್ರಸಿದ್ಧ ಅಮೊನೈಟ್ ನೆಲಗಳಲ್ಲೊಂದು ಇದೆ. ಅಲ್ಲಿಗೆ ಹೇಗೆ ಸಿದ್ಧರಾಗಿ ಹೋಗಬೇಕು, ಏನನ್ನು ಮುಟ್ಟಬೇಕು, ಏನನ್ನು ಬಿಡಬೇಕು, ತಂದದ್ದನ್ನು ಹೇಗೆ ಇಡಬೇಕು ಎಂಬುದನ್ನು ಹಂತ ಹಂತವಾಗಿ ಇಲ್ಲಿ ವಿವರಿಸಲಾಗಿದೆ.

ನಮ್ಮಲ್ಲಿ ಏಕೆ ಸಿಗುವುದಿಲ್ಲ?

ಪಳೆಯುಳಿಕೆ ಉಳಿಯುವುದು ಬಹುಮಟ್ಟಿಗೆ ಸಂಚಯನ ಶಿಲೆಗಳಲ್ಲಿ, ಅಂದರೆ ಮರಳು, ಜೇಡಿ, ಸುಣ್ಣದ ಕೆಸರು ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲುಗಳಲ್ಲಿ. ನಮ್ಮ ಮೂರೂ ಜಿಲ್ಲೆಗಳ ನೆಲದಲ್ಲಿ ಬಹುಪಾಲು ಇರುವುದು ಗ್ರಾನೈಟ್ ಮತ್ತು ನೀಸ್. ನೀಸ್ ಎಂದರೆ ಭೂಮಿಯ ಆಳದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡ, ಕಪ್ಪು ಬಿಳಿ ಪಟ್ಟೆಗಳಿರುವ ಕಲ್ಲು. ಮಧುಗಿರಿಯ ಏಕಶಿಲಾ ಬೆಟ್ಟದ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ನೀಸ್‌ನಲ್ಲಿ ಹೆಚ್ಚಿನ ಭಾಗ ಅದಕ್ಕಿಂತಲೂ ಹಳೆಯದು. ಅಮೊನೈಟ್‌ಗಳ ವಂಶ ಸಮುದ್ರದಲ್ಲಿ ಕಾಣಿಸಿಕೊಂಡದ್ದು ಸುಮಾರು 40 ಕೋಟಿ ವರ್ಷಗಳ ಹಿಂದೆ, ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದಲ್ಲಿ. ಆ ಜೀವಿಗಳು ಹುಟ್ಟುವುದಕ್ಕೆ ಇನ್ನೂರು ಕೋಟಿ ವರ್ಷ ಮೊದಲೇ ಗಟ್ಟಿಯಾದ ಬಂಡೆಯಲ್ಲಿ ಅವುಗಳ ಚಿಪ್ಪು ಇರಲು ಸಾಧ್ಯವೇ ಇಲ್ಲ.

ಚಿಕ್ಕನಾಯಕನಹಳ್ಳಿ ಭಾಗದ ಕಬ್ಬಿಣ, ಮ್ಯಾಂಗನೀಸ್ ಗಣಿಗಳಿರುವ ಶಿಲಾಪಟ್ಟಿಯಲ್ಲಿ ಸಂಚಯನ ಶಿಲೆಗಳು ಇವೆಯಲ್ಲ ಎಂದು ಭೂವಿಜ್ಞಾನ ಓದಿದವರು ಕೇಳಬಹುದು. ಇವೆ, ನಿಜ. ಅದು ಚಿತ್ರದುರ್ಗ ಶಿಲಾಪಟ್ಟಿಯ ಭಾಗ, ಮತ್ತು ಆ ಪಟ್ಟಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಟೋಲೈಟ್‌ಗಳು ದಾಖಲಾಗಿವೆ. ಸ್ಟ್ರೊಮಟೋಲೈಟ್ ಎಂದರೆ ಸೂಕ್ಷ್ಮಜೀವಿಗಳ ಲೋಳೆ ಪದರಗಳ ಮೇಲೆ ಕೆಸರು ಕೂತು ಕೂತು ಬೆಳೆದ, ಅಲೆಯಲೆಯಾದ ಕಲ್ಲಿನ ರಚನೆ. ಅದು ಅಮೊನೈಟ್‌ಗಿಂತ ಎಷ್ಟೋ ಪಟ್ಟು ಪ್ರಾಚೀನವಾದ ಜೀವಕುರುಹು, ನನ್ನ ಮಟ್ಟಿಗೆ ಹೆಚ್ಚು ರೋಚಕವೂ ಹೌದು. ಆದರೆ ಚಿಪ್ಪು, ಸುರುಳಿ ಅದರಲ್ಲಿಲ್ಲ.

ಊರಿನಲ್ಲೇ ಅಮೊನೈಟ್ ಸಿಕ್ಕಿತೆಂದು ಭ್ರಮೆ ಹುಟ್ಟಿಸುವ ವಸ್ತುಗಳು ಕೆಲವಿವೆ. ಒಂದು, ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚಿಕೊಳ್ಳುವ ಕಪ್ಪುಗಲ್ಲಿನ ಗುಂಡುಗಳು. ಇದು ಬಿಸಿಲು ಮಳೆಗೆ ಕಲ್ಲು ಸವೆಯುವ ರೀತಿ, ಅಷ್ಟೇ; ಅಡ್ಡಲಾಗಿ ಒಡೆದರೆ ಒಂದರೊಳಗೊಂದು ವೃತ್ತಗಳು ಕಾಣುತ್ತವೆಯೇ ಹೊರತು ಒಳಗಿನಿಂದ ಹೊರಕ್ಕೆ ಬೆಳೆಯುವ ಸುರುಳಿ ಕಾಣುವುದಿಲ್ಲ. ಎರಡು, ಕೆರೆಯ ಹೂಳಿನಲ್ಲಿ, ಉತ್ತ ಹೊಲದಲ್ಲಿ ಸಿಗುವ ಬೆಳ್ಳಗಾದ ಬಸವನಹುಳುವಿನ ಚಿಪ್ಪು. ಮೂರು, ಸೈಜುಗಲ್ಲು ಒಡೆಯುವಾಗ ಸೀಳಿನ ಮೇಲೆ ಕಾಣುವ ಕಪ್ಪು ಗಿಡದಂತಹ ಚಿತ್ತಾರ. ಅದು ಸಸ್ಯದ ಪಳೆಯುಳಿಕೆಯೂ ಅಲ್ಲ, ಬಿರುಕಿನೊಳಗೆ ನೀರು ಹರಿದು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್. ಮನೆಯ ನೆಲಕ್ಕೆ ಹಾಸಿದ ಕಡಪ ಕಲ್ಲು, ಶಹಾಬಾದ್ ಕಲ್ಲುಗಳು ಸಂಚಯನ ಶಿಲೆಗಳೇ ಆದರೂ ಅಮೊನೈಟ್‌ಗಳಿಗಿಂತ ಬಹಳ ಹಿಂದಿನವು. ರಾಜಸ್ಥಾನದ ಜೈಸಲ್ಮೇರ್ ಸೀಮೆಯ ಹಾಬೂರ್ ಕಲ್ಲು ಮಾತ್ರ ಬೇರೆ: ಆ ಹೊನ್ನಿನ ಬಣ್ಣದ ಕಲ್ಲಿನಲ್ಲಿ ನಿಜವಾದ ಚಿಪ್ಪುಗಳು, ಅಮೊನೈಟ್ ಕೂಡ, ಇರುತ್ತವೆ. ಯಾವುದಾದರೂ ಹೊಸ ಕಟ್ಟಡದ ಗೋಡೆಗೆ ಅದನ್ನು ಹಚ್ಚಿದ್ದರೆ ನಿಂತು ನೋಡಿ.

ಅಮೊನೈಟ್ ಎಂದರೇನು, ಗುರುತು ಹಿಡಿಯುವುದು ಹೇಗೆ?

ಇದು ಶಂಖವೂ ಅಲ್ಲ, ಬಸವನಹುಳುವೂ ಅಲ್ಲ. ಇಂದಿನ ಆಕ್ಟೋಪಸ್, ಸ್ಕ್ವಿಡ್‌ಗಳ ಬಂಧು. ಚಿಪ್ಪಿನೊಳಗೆ ಅಡ್ಡಲಾಗಿ ತಡಿಕೆಗಳಿದ್ದು ಅವು ಚಿಪ್ಪನ್ನು ಸಾಲು ಕೋಣೆಗಳಾಗಿ ವಿಂಗಡಿಸುತ್ತಿದ್ದವು. ಪ್ರಾಣಿ ವಾಸಿಸುತ್ತಿದ್ದುದು ಬಾಯಿಯ ಬಳಿಯ ಕೊನೆಯ ಕೋಣೆಯಲ್ಲಿ ಮಾತ್ರ. ಹಿಂದಿನ ಕೋಣೆಗಳಲ್ಲಿ ಅನಿಲ ತುಂಬಿಕೊಂಡು ಚಿಪ್ಪು ನೀರಿನಲ್ಲಿ ತೇಲಲು ನೆರವಾಗುತ್ತಿತ್ತು. ಎಲ್ಲ ಕೋಣೆಗಳನ್ನೂ ಹಾದುಹೋಗುವ ಒಂದು ಸಣ್ಣ ಕೊಳವೆ, ಸೈಫಂಕಲ್, ಆ ನೀರು ಮತ್ತು ಅನಿಲದ ಪ್ರಮಾಣವನ್ನು ಹೊಂದಿಸುತ್ತಿತ್ತು.

ಗುರುತು ಹಿಡಿಯಲು ಮೂರು ಸಂಗತಿ ಸಾಕು. ಬಸವನಹುಳುವಿನ ಸುರುಳಿ ಗೋಪುರದಂತೆ ಒಂದು ಬದಿಗೆ ಏಳುತ್ತದೆ. ಅಮೊನೈಟ್‌ನ ಸುರುಳಿ ಸಾಮಾನ್ಯವಾಗಿ ಒಂದೇ ಸಮತಲದಲ್ಲಿದ್ದು ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಬಸವನಹುಳುವಿನ ಚಿಪ್ಪು ಒಳಗೆ ಒಂದೇ ಪೊಳ್ಳು, ಅಮೊನೈಟ್‌ನಲ್ಲಿ ಕೋಣೆಗಳು. ಮೂರನೆಯದು ಹೊಲಿಗೆ ಗೆರೆ, ಅಂದರೆ ಒಳಗಿನ ತಡಿಕೆ ಚಿಪ್ಪಿನ ಒಳಗೋಡೆಗೆ ಸೇರುವ ಅಂಚಿನ ಗೆರೆ. ಅಮೊನೈಟ್‌ಗಳಲ್ಲಿ ಈ ಗೆರೆ ಕೊತ್ತಂಬರಿ ಎಲೆಯ ಅಂಚಿನಂತೆ ಕವಲೊಡೆದು, ಮತ್ತೆ ಕವಲೊಡೆದು ಹೋಗಿರುತ್ತದೆ. ಅದೇ ನೆಲದಲ್ಲಿ ಸಿಗುವ ನಾಟಿಲಸ್ ಪಳೆಯುಳಿಕೆಗಳಲ್ಲಿ ಗೆರೆ ಸರಳವಾಗಿ ಬಾಗಿರುತ್ತದೆ, ಸೈಫಂಕಲ್ ಕೊಳವೆ ತಡಿಕೆಯ ನಡುಭಾಗದಲ್ಲಿ ಹಾದಿರುತ್ತದೆ. ಅಮೊನೈಟ್‌ನಲ್ಲಿ ಅದು ಹೊರ ಅಂಚಿಗೆ ಒತ್ತಿಕೊಂಡಿರುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಹೊಲಿಗೆ ಗೆರೆ ಚಿಪ್ಪಿನ ಹೊರಮೈ ಮೇಲೆ ಕಾಣುವುದಿಲ್ಲ. ಮೂಲ ಚಿಪ್ಪು ಕರಗಿ ಅಥವಾ ಕಳಚಿಹೋಗಿ, ಒಳಗೆ ತುಂಬಿಕೊಂಡ ಕೆಸರು ಕಲ್ಲಾಗಿ ಉಳಿದ ಮಾದರಿಯ ಮೇಲೆ, ಅಂದರೆ ಒಳ ಎರಕದ ಮೇಲೆ, ಮಾತ್ರ ಅದು ಕಾಣುತ್ತದೆ. ಗೆರೆ ಇಲ್ಲವೆಂಬ ಒಂದೇ ಕಾರಣಕ್ಕೆ ಚಿಪ್ಪು ಉಳಿದಿರುವ ಒಳ್ಳೆಯ ಮಾದರಿಯನ್ನು ಎಸೆಯಬೇಡಿ. ಗೆರೆ ಕಾಣಲೆಂದು ಚಿಪ್ಪನ್ನು ಉಜ್ಜಿ ತೆಗೆಯುವುದಂತೂ ಕೂಡದು.

ಮನೆಯ ಸಾಲಿಗ್ರಾಮ ಅಮೊನೈಟ್ ಹೌದೇ?

ಈ ಪ್ರಶ್ನೆಯೂ ಅಷ್ಟೇ ಬಾರಿ ಬರುತ್ತದೆ. ನೇಪಾಳದ ಕಾಳಿಗಂಡಕಿ ನದಿಯಿಂದ ಬರುವ ಕಪ್ಪು ಸಾಲಿಗ್ರಾಮಗಳಲ್ಲಿ ಚಕ್ರವಿರುವವು ಸಾಮಾನ್ಯವಾಗಿ ಅಮೊನೈಟ್ ಇರುವ ಗಟ್ಟಿ ಜೇಡಿಯ ಗುಂಡುಗಳೇ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ತಳದ ಕೆಸರು ಅದು. ವದನ ಎಂದು ಕರೆಯುವ ರಂಧ್ರಕ್ಕೆ ಓರೆಯಾಗಿ ಬೆಳಕು ಬಿಟ್ಟು ಭೂತಕನ್ನಡಿಯಲ್ಲಿ ನೋಡಿದರೆ, ಒಳಗೋಡೆಯ ಮೇಲೆ ಒಂದೇ ಅಂತರದಲ್ಲಿ ಬಾಗಿದ ಏಣುಗಳು ಸುತ್ತಿ ಒಳಕ್ಕೆ ಹೋಗುವುದು ಕಾಣುತ್ತದೆ. ಅವು ಚಿಪ್ಪಿನ ಹೊರಮೈ ಏಣುಗಳ ಅಚ್ಚು. ಪೂಜೆಯಲ್ಲಿರುವ ಸಾಲಿಗ್ರಾಮವನ್ನು ನೋಡುವುದಷ್ಟೇ ಸಾಕು: ಪರೀಕ್ಷೆಯ ಹೆಸರಿನಲ್ಲಿ ಸೂಜಿ, ಆಮ್ಲ, ಸುತ್ತಿಗೆ ಯಾವುದೂ ಅದರ ಹತ್ತಿರ ಹೋಗಬಾರದು, ಮತ್ತು ಮನೆಯ ಹಿರಿಯರ ಒಪ್ಪಿಗೆಯಿಲ್ಲದೆ ಪೆಟ್ಟಿಗೆಯಿಂದ ತೆಗೆಯಲೂಬಾರದು.

ಬೇಕಾದ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ಗಟ್ಟಿ ರಟ್ಟಿನ ನೋಟ್‌ಪುಸ್ತಕ, ಪೆನ್ಸಿಲ್, ಅಳಿಸದ ಮಾರ್ಕರ್, ಸಣ್ಣ ದೊಡ್ಡ ಜಿಪ್ ಚೀಲಗಳು, ಹಳೆಯ ದಿನಪತ್ರಿಕೆ, ಮೆತ್ತನೆಯ ಹಲ್ಲುಜ್ಜುವ ಬ್ರಷ್, 15 ಸೆಂ.ಮೀ. ಅಳತೆಪಟ್ಟಿ, ಜಿಪಿಎಸ್ ಇರುವ ಫೋನ್, ಕೈಗವಸು, ಬೂಟು, ಟೋಪಿ, ಬೇಕೆನಿಸಿದ್ದಕ್ಕಿಂತ ಹೆಚ್ಚು ನೀರು. ಸುತ್ತಿಗೆ ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ಮೊದಲ ಬಾರಿ ಹೋಗುವವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಅನುಮತಿಯೊಂದಿಗೆ ಬಳಸಲೇಬೇಕಾದ ಸಂದರ್ಭ ಬಂದರೆ, ಭೂವಿಜ್ಞಾನಿಗಳು ಬಳಸುವ ಹದಗೊಳಿಸಿದ ಉಕ್ಕಿನ ಸುತ್ತಿಗೆಯನ್ನೇ ಒಯ್ಯಿರಿ ಮತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ. ಹಾರ್ಡ್‌ವೇರ್ ಅಂಗಡಿಯ ಮೊಳೆ ಹೊಡೆಯುವ ಸುತ್ತಿಗೆಯನ್ನು ಚಾಣದ ಮೇಲೆ ಬಡಿದರೆ ಉಕ್ಕಿನ ಚೂರು ಸಿಡಿಯುತ್ತದೆ.

ಹಂತ 1: ಜಾಗ ಆರಿಸಿಕೊಳ್ಳಿ

ಭಾರತದಲ್ಲಿ ಅಮೊನೈಟ್‌ಗೆ ಹೆಸರಾದ ನೆಲಗಳು ಗುಜರಾತಿನ ಕಚ್ಛ್, ಹಿಮಾಚಲದ ಸ್ಪಿಟಿ, ರಾಜಸ್ಥಾನದ ಜೈಸಲ್ಮೇರ್, ಮತ್ತು ತಮಿಳುನಾಡಿನ ಅರಿಯಲೂರು ಸೀಮೆ. ನಮಗೆ ಹತ್ತಿರದ್ದು ಕೊನೆಯದು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಸೇಲಂ, ಆತ್ತೂರು ದಾಟಿ ಪೆರಂಬಲೂರು ತಲುಪುವ ದಾರಿ 300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚಾಗುತ್ತದೆ; ಕೋಲಾರ, ಕೆಜಿಎಫ್ ಕಡೆಯವರು ಬೆಂಗಳೂರಿಗೆ ಬರದೆ ನೇರವಾಗಿ ಕೃಷ್ಣಗಿರಿಗೆ ಇಳಿಯಬಹುದು. ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ಸುಮಾರು 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಭಾರತದ ಪೂರ್ವ ಅಂಚು ಬೇರೆ ಭೂಖಂಡಗಳಿಂದ ಬಿಡಿಸಿಕೊಂಡ ಮೇಲೆ ಸಮುದ್ರ ಒಳನುಗ್ಗಿ ಬಂದು ಇಲ್ಲಿ ಕೆಸರು ಕೂರಿಸಿತು. ಈ ಪಳೆಯುಳಿಕೆಗಳ ಅಧ್ಯಯನ ಹೊಸದಲ್ಲ: ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಇವನ್ನು ವಿವರಿಸಿದರು, 1860ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೊಲಿಚ್ಕಾ ಇಲ್ಲಿನ ಅಮೊನೈಟ್‌ಗಳನ್ನು ಚಿತ್ರಸಹಿತ ದಾಖಲಿಸಿದರು. ಇಂದಿಗೂ ಹೆಸರು ಹೊಂದಿಸಲು ಆ ಚಿತ್ರಫಲಕಗಳೇ ಆಧಾರ.

ಸೀಮೆಯೊಳಗೂ ಎಲ್ಲ ಕಡೆ ಒಂದೇ ಫಸಲಲ್ಲ, ಮತ್ತು ನಮ್ಮವರು ಸಾಮಾನ್ಯವಾಗಿ ತಪ್ಪು ಜಾಗಕ್ಕೇ ಹೋಗುತ್ತಾರೆ. ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣಕಲ್ಲು ಒದಗಿಸುವ ಕಲ್ಲಂಕುರಿಚ್ಚಿ ಪದರಗಳಲ್ಲಿ ತುಂಬಿರುವುದು ದಪ್ಪ ಸಿಂಪಿಗಳು. ಅಮೊನೈಟ್ ಅಲ್ಲಿ ಅಪರೂಪ. ಗರುಡಮಂಗಲದ ಚಿಪ್ಪುಗಲ್ಲು ಹಿಂದೆ ತಿರುಚ್ಚಿ ಮಾರ್ಬಲ್ ಎಂಬ ಹೆಸರಿನಲ್ಲಿ ಅಲಂಕಾರಕ್ಕೆ ಬಳಕೆಯಾಗುತ್ತಿತ್ತು, ಅದರಲ್ಲಿ ಕಾಣುವ ಸುರುಳಿಗಳಲ್ಲಿ ಬಹುಪಾಲು ಸಮುದ್ರದ ಬಸವನಹುಳುಗಳು. ಅಮೊನೈಟ್ ನೋಡಬೇಕೆಂದರೆ ಪೆರಂಬಲೂರು ಜಿಲ್ಲೆಯ ಕಾರೈ ಊರಿನ ಸುತ್ತಲ ಕೊರಕಲುಗಳೇ ಸರಿ. ಇಲ್ಲಿನ ಜೇಡಿಶಿಲೆ ಸುಮಾರು 11ರಿಂದ 9 ಕೋಟಿ ವರ್ಷಗಳಷ್ಟು ಹಳೆಯದು.

ಕಾರೈ ನೆಲ ಹೇಗಿರುತ್ತದೆಂದು ಮೊದಲೇ ತಿಳಿದಿದ್ದರೆ ಹುಡುಕುವುದು ಸುಲಭ. ಗಿಡಮರ ಕಡಿಮೆ, ಮಳೆನೀರು ಕೊರೆದ ಮಣ್ಣಿನ ದಿಣ್ಣೆಗಳು ಹಳದಿ ಮತ್ತು ಬೂದು ಬಣ್ಣದಲ್ಲಿ ಸಾಲಾಗಿ ನಿಂತಿವೆ. ದಿಣ್ಣೆಯ ಇಳಿಜಾರಿನಲ್ಲಿ ಬಿಸಿಲಿಗೆ ಗಾಜಿನಂತೆ ಹೊಳೆಯುವ ಹಾಳೆಗಳು ಚೆಲ್ಲಿರುತ್ತವೆ. ಹೊಸಬರು ಮೊದಲು ಬಗ್ಗಿ ಎತ್ತಿಕೊಳ್ಳುವುದು ಅವನ್ನೇ, ಆದರೆ ಅವು ಜಿಪ್ಸಮ್. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಬೆರಳಿನಂತೆ ಉದ್ದವಾಗಿ ತುದಿ ಚೂಪಾದ ಕಲ್ಲುಗಳು ಬೆಲೆಮ್ನೈಟ್, ಅಂದರೆ ಸ್ಕ್ವಿಡ್‌ನಂತಹ ಪ್ರಾಣಿಯ ಒಳಗಿನ ಗಟ್ಟಿ ಭಾಗ. ಅಮೊನೈಟ್ ಮಾತ್ರ ಪೂರ್ತಿ ಚಕ್ರವಾಗಿ ಸಿಗುವುದು ಕಡಿಮೆ. ಹೆಚ್ಚಾಗಿ ಕಾಣುವುದು ಕಂದು ಬಣ್ಣದ, ಬಾಗಿದ, ಮೇಲೆ ಏಣುಗಳಿರುವ ತುಂಡು. ಅದರ ಒಡೆದ ತುದಿಯನ್ನು ನೋಡಿದರೆ ತಡಿಕೆಯ ಉಬ್ಬು ತಗ್ಗು ಇರುತ್ತದೆ, ಬದಿಯನ್ನು ಉಗುಳಿನಿಂದಲೋ ನೀರಿನಿಂದಲೋ ಒಂದಿಷ್ಟು ಒದ್ದೆ ಮಾಡಿದರೆ ಹೊಲಿಗೆ ಗೆರೆ ಕಪ್ಪಾಗಿ ಎದ್ದು ಬರುತ್ತದೆ.

ಹಂತ 2: ಕಾನೂನು ಮತ್ತು ಅನುಮತಿ

ಈ ಹಂತವನ್ನು ಹಾರಿಸಿ ಮುಂದಕ್ಕೆ ಹೋಗುವವರೇ ಹೆಚ್ಚು. ಭೂಪರಂಪರೆಯ ತಾಣಗಳು ಮತ್ತು ಪಳೆಯುಳಿಕೆಗಳ ರಕ್ಷಣೆಗಾಗಿ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿತ್ತು. ನಿಯಮಗಳು ಬದಲಾಗುತ್ತಿರುವ ಕ್ಷೇತ್ರವಿದು. ಆದ್ದರಿಂದ ಹೊರಡುವ ಮುನ್ನ ಆಗಿನ ಸ್ಥಿತಿಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಯಲ್ಲೋ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲೋ ವಿಚಾರಿಸಿ. ಕಾನೂನು ಯಾವ ಸ್ಥಿತಿಯಲ್ಲಿದ್ದರೂ ಕೆಳಗಿನವು ಬದಲಾಗುವುದಿಲ್ಲ.

ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ ಜಾಗದಿಂದ ಒಂದು ಹರಳನ್ನೂ ತರುವಂತಿಲ್ಲ. ಪೆರಂಬಲೂರು ಬಳಿಯ ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡವಿದೆ. ಅದನ್ನು ನೋಡಿ, ಚಿತ್ರ ತೆಗೆದುಕೊಂಡು ಬನ್ನಿ. ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ದಿಂಬಿನಾಕಾರದ ಲಾವಾ ಶಿಲೆಗೂ ಅದೇ ಗೌರವವಿದೆ, ಅದೇ ನಿಯಮವಿದೆ. ಹೊಲ, ಪಾಳು ಜಮೀನುಗಳಿಗೆ ಮಾಲೀಕರ ಒಪ್ಪಿಗೆ ಬೇಕು. ಚಾಲ್ತಿಯಲ್ಲಿರುವ ಸುಣ್ಣಕಲ್ಲು ಗಣಿಯೊಳಗೆ ವ್ಯವಸ್ಥಾಪಕರ ಲಿಖಿತ ಅನುಮತಿಯಿಲ್ಲದೆ ಕಾಲಿಡಬೇಡಿ. ಸ್ಫೋಟದ ವೇಳೆ, ಲಾರಿ ಓಡಾಟ, ಸಡಿಲ ಗೋಡೆ ಯಾವುದೂ ಹೊರಗಿನವರಿಗೆ ಗೊತ್ತಿರುವುದಿಲ್ಲ. ಗುಂಪಾಗಿ ಹೋಗುವ ಶಾಲೆಗಳು ಮುಂಚಿತವಾಗಿ ಗ್ರಾಮ ಪಂಚಾಯಿತಿಗೂ ಒಂದು ಪತ್ರ ಕೊಡುವುದು ಒಳ್ಳೆಯದು. ಕೆಜಿಎಫ್, ಬಂಗಾರಪೇಟೆ ಕಡೆಯವರಿಗೆ ತಮಿಳು ತೊಂದರೆಯಲ್ಲ. ಪಾವಗಡ, ಬಾಗೇಪಲ್ಲಿಯ ತೆಲುಗು ಅಲ್ಲಿ ಅಷ್ಟಾಗಿ ನಡೆಯದು, ತಮಿಳು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮರದ ಕೆಳಗೆ ಕುಳಿತ ಹಿರಿಯರನ್ನು ಅಣ್ಣಾ, ಐಯಾ ಎಂದು ಮಾತನಾಡಿಸಿ ಬಂದ ಕಾರಣ ಹೇಳಿದರೆ, ನಕ್ಷೆಯಲ್ಲಿಲ್ಲದ ಕೊರಕಲಿನ ದಾರಿಯೂ ಗೊತ್ತಾಗುತ್ತದೆ.

ಹಂತ 3: ಕಾಲ ನೋಡಿ ಹೊರಡಿ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರಿನ ಮಳೆ ಜೋರು. ಒದ್ದೆ ಜೇಡಿಯ ಮೇಲೆ ನಿಲ್ಲುವುದೇ ಕಷ್ಟ, ಕೊರಕಲುಗಳಲ್ಲಿ ನೀರು ಏಕಾಏಕಿ ನುಗ್ಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನೆರಳಿಲ್ಲದ ಆ ನೆಲದಲ್ಲಿ ಮಕ್ಕಳನ್ನು ನಡೆಸುವುದು ಅಪಾಯ. ಜನವರಿ, ಫೆಬ್ರವರಿ ಸೂಕ್ತ: ಮಳೆ ಹೊಸ ತುಂಡುಗಳನ್ನು ತೊಳೆದು ಹೊರಹಾಕಿರುತ್ತದೆ, ನೆಲ ಒಣಗಿರುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಏಣುಗಳ ನೆರಳು ಬಿದ್ದು ಬೇಗ ಕಣ್ಣಿಗೆ ಬೀಳುತ್ತವೆ.

ದಾರಿಯಲ್ಲಿ ಅರಿಯಲೂರು ಬಳಿಯ ವಾರಣವಾಸಿಯಲ್ಲಿರುವ ಪಳೆಯುಳಿಕೆ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ, ಆಮೇಲೆ ಬಯಲಿಗೆ ಇಳಿಯಿರಿ. ಕಣ್ಣು ಪಳಗದೆ ಬಯಲಿಗೆ ಹೋದರೆ ಅರ್ಧ ದಿನ ಜಿಪ್ಸಮ್ ಹೆಕ್ಕುವುದರಲ್ಲೇ ಕಳೆಯುತ್ತದೆ.

ಹಂತ 4: ಬಯಲಿನಲ್ಲಿ ಹುಡುಕುವ ಕ್ರಮ

ಕೊರಕಲಿನ ತಳದಿಂದ ಶುರುಮಾಡಿ. ನೀರು ಹರಿದ ದಾರಿಯಲ್ಲಿ ತುಂಡು ಕಂಡರೆ ಅದು ಮೇಲಿನ ಯಾವುದೋ ಪದರದಿಂದ ಉರುಳಿ ಬಂದದ್ದು. ನಿಧಾನವಾಗಿ ಇಳಿಜಾರು ಹತ್ತುತ್ತಾ ಯಾವ ಮಟ್ಟದ ಮೇಲೆ ತುಂಡುಗಳು ನಿಂತುಹೋಗುತ್ತವೆಯೋ ಅಲ್ಲೇ ಮೂಲ ಪದರ ಇರುತ್ತದೆ. ಈ ಒಂದು ಅವಲೋಕನ ಕೈಗೆ ಸಿಕ್ಕ ಹತ್ತು ತುಂಡುಗಳಿಗಿಂತ ಬೆಲೆಯುಳ್ಳದ್ದು. ಉರುಳಿ ಬಂದ ತುಂಡು ಯಾವ ಪದರದ್ದೆಂದು ಖಚಿತವಾಗಿ ಹೇಳಲಾಗದು, ಪದರದಲ್ಲೇ ಕೂತಿರುವ ತುಂಡು ತನ್ನ ಕಾಲವನ್ನು ಹೇಳುತ್ತದೆ.

ನಾನು ಹಾಕುವ ನಿಯಮ ಕಟ್ಟುನಿಟ್ಟಿನದು: ಸಡಿಲವಾಗಿ ಬಿದ್ದಿರುವುದನ್ನು, ಅದೂ ಅನುಮತಿಯಿದ್ದರೆ, ಒಂದೆರಡು ಮಾದರಿ ತೆಗೆದುಕೊಳ್ಳಿ, ಪದರದೊಳಗೆ ಕೂತಿರುವುದನ್ನು ಅಗೆಯದೆ ಚಿತ್ರ ತೆಗೆದು ಬಿಟ್ಟುಬನ್ನಿ. ಜೇಡಿಶಿಲೆಯೊಳಗಿನ ಅಮೊನೈಟ್ ಮೇಲ್ನೋಟಕ್ಕೆ ಇಡಿಯಾಗಿ ಕಂಡರೂ ಚಾಣ ತಾಗುತ್ತಲೇ ಪುಡಿಯಾಗುವುದು ಸಾಮಾನ್ಯ. ಮೂಳೆಯಂತಹ ರಂಧ್ರಮಯ ತುಂಡು, ಹಲ್ಲು, ಅಥವಾ ದೊಡ್ಡ ಪ್ರಾಣಿಯ ಕುರುಹು ಕಂಡರೆ ಮುಟ್ಟಲೇಬೇಡಿ. ಸ್ಥಳ ಗುರುತು ಮಾಡಿಕೊಂಡು ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ.

ದುಂಡನೆಯ ಕಲ್ಲುಗುಂಡು ಕಂಡೊಡನೆ ಡೈನೋಸಾರ್ ಮೊಟ್ಟೆ ಎಂದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. 2020ರ ಅಕ್ಟೋಬರ್‌ನಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಹೀಗೇ ಸುದ್ದಿ ಹಬ್ಬಿ ಜನ ಸೇರಿದರು; ತಜ್ಞರು ನೋಡಿ ಅವು ಮೊಟ್ಟೆಗಳಲ್ಲ, ಅಮೊನೈಟ್‌ಗಳ ಸುತ್ತ ಕೆಸರು ಗಟ್ಟಿಯಾಗಿ ಆದ ಗುಂಡುಗಳೆಂದು ಸ್ಪಷ್ಟಪಡಿಸಿದರು. ಕಲ್ಲು ಮಗುಚುವಾಗ ಬರಿಗೈ ಹಾಕಬೇಡಿ. ಚೇಳು, ಹಾವು ಎರಡೂ ಆ ನೆಲದಲ್ಲಿವೆ.

ಹಂತ 5: ಎತ್ತುವ ಮೊದಲು ಬರೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಎಲ್ಲಿ ಸಿಕ್ಕಿತೆಂಬ ವಿವರ ಕಳೆದುಹೋದ ಪಳೆಯುಳಿಕೆ ಷೋಕೇಸಿನ ಅಲಂಕಾರಕ್ಕಷ್ಟೇ ಸಲ್ಲುತ್ತದೆ. ಯಾವ ವಿಶ್ವವಿದ್ಯಾಲಯವೂ ಅದನ್ನು ಅಧ್ಯಯನಕ್ಕೆ ತೆಗೆದುಕೊಳ್ಳುವುದಿಲ್ಲ. ತುಂಡು ನೆಲದಲ್ಲಿರುವಾಗಲೇ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು ಚಿತ್ರ, ಸುತ್ತಲ ಇಳಿಜಾರು ಕಾಣುವಂತೆ ದೂರದಿಂದ ಒಂದು ಚಿತ್ರ ತೆಗೆಯಿರಿ. ಆಮೇಲೆ ನೋಟ್‌ಪುಸ್ತಕದಲ್ಲಿ ಕ್ರಮಸಂಖ್ಯೆ, ದಿನಾಂಕ, ಊರು, ಫೋನ್ ತೋರಿಸುವ ಅಕ್ಷಾಂಶ ರೇಖಾಂಶ, ಸಡಿಲವಾಗಿತ್ತೇ ಪದರದಲ್ಲಿತ್ತೇ ಎಂಬುದು, ಪದರದ ಬಣ್ಣ ಮತ್ತು ಬಗೆ, ಜೊತೆಗೆ ಸಿಕ್ಕ ಇತರ ಪಳೆಯುಳಿಕೆ, ಅನುಮತಿ ಕೊಟ್ಟವರು ಯಾರು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅದೇ ಕ್ರಮಸಂಖ್ಯೆಯ ಚೀಟಿ ಚೀಲದೊಳಗೂ ಇರಲಿ, ಚೀಲದ ಮೇಲೂ ಇರಲಿ. ಚೀಲದ ಮೇಲೆ ಮಾತ್ರ ಬರೆದದ್ದು ಬಸ್ಸಿನ ಪ್ರಯಾಣದಲ್ಲಿ ಉಜ್ಜಿ ಅಳಿಸಿಹೋಗುತ್ತದೆ.

ಫೋನಿನ ಚಿತ್ರದಲ್ಲೇ ಸ್ಥಳ ದಾಖಲಾಗುತ್ತದಲ್ಲ, ಬರೆಯುವುದೇಕೆ ಎಂದು ಹುಡುಗರು ಕೇಳುತ್ತಾರೆ. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೊಡನೆ ಆ ಮಾಹಿತಿ ಸಾಮಾನ್ಯವಾಗಿ ಕಳಚಿಹೋಗುತ್ತದೆ.

ಹಂತ 6: ಸಾಗಿಸುವುದು

ಪ್ರತಿ ತುಂಡನ್ನೂ ದಿನಪತ್ರಿಕೆಯಲ್ಲಿ ಬೇರೆ ಬೇರೆ ಸುತ್ತಿ. ಒಂದೇ ಚೀಲದಲ್ಲಿ ಎರಡು ಕಲ್ಲು ಹಾಕಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಒಡೆದ ಮಾದರಿಯ ಎಲ್ಲ ಚೂರುಗಳೂ ಒಂದೇ ಸಂಖ್ಯೆಯಡಿ ಇರಲಿ. ಭಾರವಾದದ್ದು ತಳಕ್ಕೆ.

ಹಂತ 7: ಶುಚಿಗೊಳಿಸುವುದು

ಮನೆಗೆ ಬಂದ ಮೇಲೆ ಹಾಳಾಗುವ ಮಾದರಿಗಳೇ ಹೆಚ್ಚು. ನಮ್ಮ ಅಡುಗೆಮನೆಯ ಅಭ್ಯಾಸ ಇದಕ್ಕೆ ಒಂದು ಕಾರಣ: ಹಿತ್ತಾಳೆ, ತಾಮ್ರದ ಪಾತ್ರೆ ಬೆಳಗುವಂತೆ ಹುಣಸೆಹಣ್ಣು, ನಿಂಬೆಹಣ್ಣು, ರಂಗೋಲಿ ಪುಡಿ ಹಾಕಿ ಉಜ್ಜುತ್ತಾರೆ. ಅಮೊನೈಟ್ ಚಿಪ್ಪು ಮೂಲತಃ ಸುಣ್ಣದ ವಸ್ತು, ಪಳೆಯುಳಿಕೆಯಾದ ಮೇಲೂ ಹಲವು ವೇಳೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜವೇ. ಹುಳಿ ತಾಗಿದೊಡನೆ ನೊರೆ ಬಂದು ಕರಗುತ್ತದೆ, ಮೊದಲು ಹೋಗುವುದೇ ಅತ್ಯಂತ ಸೂಕ್ಷ್ಮವಾದ ಏಣು ಮತ್ತು ಗೆರೆ. ವಿನೆಗರ್, ಶೌಚಾಲಯ ತೊಳೆಯುವ ದ್ರಾವಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಅದು ಗೀರುತ್ತದೆ.

ಮೊದಲು ಒಣ ಬ್ರಷ್. ಆಮೇಲೆ ನೀರು ಬಳಸಬಹುದೇ ಎಂದು ತಿಳಿಯಲು, ಅದೇ ಜಾಗದ ಬೇಡದ ಜೇಡಿಚೂರೊಂದನ್ನು ಬಟ್ಟಲಿನ ನೀರಿನಲ್ಲಿ ಹಾಕಿ ಸ್ವಲ್ಪ ಹೊತ್ತು ನೋಡಿ. ಅದು ಉಬ್ಬಿ ಬಿರಿದು ಕೆಸರಾದರೆ, ಆ ಜೇಡಿ ಅಂಟಿರುವ ಮಾದರಿಯನ್ನು ನೀರಿನಲ್ಲಿ ನೆನೆಹಾಕಬಾರದು. ಬ್ರಷ್ಷನ್ನು ತುಸು ಒದ್ದೆ ಮಾಡಿಕೊಂಡು ಸವರುವುದಷ್ಟೇ ಸರಿ. ಹಾಗೇ ಉಳಿದರೆ ಸಾದಾ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಏಣುಗಳ ನಡುವೆ ಗಟ್ಟಿಯಾಗಿ ಕೂತ ಮಣ್ಣನ್ನು ಹೊಲಿಗೆ ಯಂತ್ರದ ಸೂಜಿಯನ್ನು ಪೆನ್ಸಿಲ್‌ನಂತಹ ಹಿಡಿಗೆ ಸಿಕ್ಕಿಸಿ, ಭೂತಕನ್ನಡಿಯಡಿ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಸೂಜಿಯ ತುದಿ ಯಾವಾಗಲೂ ಪಳೆಯುಳಿಕೆಯಿಂದ ಹೊರದಿಕ್ಕಿಗೆ ಇರಲಿ. ಎಲ್ಲ ಮಣ್ಣನ್ನೂ ತೆಗೆಯಲೇಬೇಕೆಂಬ ಹಟ ಬೇಡ. ಅಂಟಿಕೊಂಡ ಒಂದಿಷ್ಟು ಮೂಲ ಶಿಲೆ ಮಾದರಿ ಎಲ್ಲಿಯದೆಂಬುದಕ್ಕೆ ಸಾಕ್ಷಿ.

ಪುಡಿಪುಡಿಯಾಗುವ ಮಾದರಿಗೆ ವಸ್ತುಸಂಗ್ರಹಾಲಯಗಳಲ್ಲಿ ಪ್ಯಾರಾಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನ್‌ನಲ್ಲಿ ತೆಳ್ಳಗೆ ಕರಗಿಸಿ ಹಚ್ಚುತ್ತಾರೆ. ಬೇಕೆಂದಾಗ ಮತ್ತೆ ಅಸಿಟೋನ್‌ನಲ್ಲಿ ಕರಗಿಸಿ ತೆಗೆಯಬಹುದೆಂಬುದೇ ಅದರ ಗುಣ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಗಾಳಿಯಾಡುವ ಜಾಗದಲ್ಲಿ, ಒಲೆ ಮತ್ತು ದೇವರ ದೀಪದಿಂದ ದೂರದಲ್ಲಿ, ದೊಡ್ಡವರೇ ಮಾಡಬೇಕಾದ ಕೆಲಸ. ತಕ್ಷಣ ಹಿಡಿಯುವ ಗಮ್ ಮತ್ತು ಮರಕ್ಕೆ ಹಚ್ಚುವ ವಾರ್ನಿಷ್ ಎರಡನ್ನೂ ದೂರವಿಡಿ. ವಾರ್ನಿಷ್ ಬಳಿದ ಅಮೊನೈಟ್ ಹೊಳೆಯುತ್ತದೆ, ಆದರೆ ಅದರ ಹೊಲಿಗೆ ಗೆರೆಯನ್ನು ಮತ್ತೆ ಯಾರೂ ಸರಿಯಾಗಿ ನೋಡಲಾರರು.

ಹಂತ 8: ಹೆಸರು ಹಿಡಿಯುವುದು

ಮಾದರಿಯ ಬದಿ, ಹೊರ ಅಂಚು, ಒಡೆದ ಅಥವಾ ಬಾಯಿಯ ತುದಿ, ಈ ಮೂರು ಕೋನಗಳಿಂದ ಅಳತೆಪಟ್ಟಿಯೊಂದಿಗೆ ಚಿತ್ರ ತೆಗೆಯಿರಿ. ಒಟ್ಟು ವ್ಯಾಸ, ಕೊನೆಯ ಸುತ್ತಿನ ಎತ್ತರ, ಅದರ ದಪ್ಪ, ಮತ್ತು ಹೊಕ್ಕುಳಿನ ಅಗಲವನ್ನು ಅಳೆಯಿರಿ. ಹೊಕ್ಕುಳು ಎಂದರೆ ಸುರುಳಿಯ ನಡುವಿನ ತಗ್ಗು. ಒಳಸುತ್ತುಗಳೆಲ್ಲ ಕಾಣುವಷ್ಟು ಅದು ಅಗಲವಿದೆಯೇ, ಹೊರಸುತ್ತು ಒಳಗಿನವನ್ನು ನುಂಗಿ ಕಿರಿದಾಗಿದೆಯೇ ಎಂಬುದು ಮೊದಲ ವಿಂಗಡಣೆ. ಏಣುಗಳು ನೇರವೋ ಬಾಗಿದವೋ, ಕವಲೊಡೆಯುತ್ತವೆಯೋ, ಅವುಗಳ ಮೇಲೆ ಗಂಟುಗಳಿವೆಯೋ, ಹೊರ ಅಂಚಿನಲ್ಲಿ ದೋಣಿಯ ತಳದಂತಹ ಏರು ಇದೆಯೋ ಎಂಬುದನ್ನು ಬರೆದುಕೊಳ್ಳಿ. ಕಾರೈ ಪದರಗಳಿಂದ ದಾಖಲಾದ ಮಾರ್ಟೊನಿಸೆರಾಸ್ ಎಂಬ ಕುಲಕ್ಕೆ, ಉದಾಹರಣೆಗೆ, ಅಂತಹ ಸ್ಪಷ್ಟವಾದ ಏರೂ ಗಂಟುಳ್ಳ ಏಣುಗಳೂ ಇರುತ್ತವೆ.

ಕುಲದ ಮಟ್ಟದವರೆಗೆ ಹೋದರೆ ಹವ್ಯಾಸಿಗೆ ಸಾಕು. ಪ್ರಭೇದದ ಹೆಸರನ್ನು ಅಂತರ್ಜಾಲದ ಚಿತ್ರ ಹೋಲಿಸಿ ಬರೆದುಬಿಡುವುದಕ್ಕಿಂತ 'ಅಮೊನೈಟ್, ಕುಲ ತಿಳಿಯದು' ಎಂದು ಪ್ರಾಮಾಣಿಕವಾಗಿ ಬರೆದ ಚೀಟಿಯೇ ಮೇಲು.

ಹಂತ 9: ಇಡುವುದು, ಪಟ್ಟಿ ಮಾಡುವುದು

ಮಾದರಿಯ ಕಣ್ಣಿಗೆ ಬೀಳದ ಮೂಲೆಯಲ್ಲಿ ಚಿಕ್ಕ ಚುಕ್ಕೆಯಷ್ಟು ವೈಟ್‌ನರ್ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಕ್ರಮಸಂಖ್ಯೆ ಬರೆಯಿರಿ. ಅದೇ ಸಂಖ್ಯೆಯಡಿ ಬಯಲಿನ ಟಿಪ್ಪಣಿಯನ್ನೆಲ್ಲ ಒಂದು ದಪ್ಪ ನೋಟ್‌ಪುಸ್ತಕಕ್ಕೆ ನಕಲು ಮಾಡಿ. ಕಂಪ್ಯೂಟರಿನಲ್ಲಿ ಇಟ್ಟರೂ ಕಾಗದದ ಪ್ರತಿ ಇರಲಿ. ಸಣ್ಣ ಮಾದರಿಗಳಿಗೆ ಸಿಹಿತಿಂಡಿಯ ರಟ್ಟಿನ ಪೆಟ್ಟಿಗೆಗಳು ಸಾಕಾಗುತ್ತವೆ, ಒಳಗೆ ಹತ್ತಿ ಹಾಸಿ.

ಚಿನ್ನದಂತೆ ಹೊಳೆಯುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ, ತುಂಬಿದ ಅಮೊನೈಟ್‌ಗಳನ್ನು ಖರೀದಿಸಿ ಇಟ್ಟುಕೊಂಡವರು ಮಳೆಗಾಲದಲ್ಲಿ ಎಚ್ಚರದಿಂದಿರಬೇಕು. ತೇವ ತಾಗಿದರೆ ಪೈರೈಟ್ ಕೊಳೆತು ಬಿಳಿ, ಹಳದಿ ಪುಡಿಯಾಗುತ್ತದೆ, ಗಂಧಕದ ವಾಸನೆ ಬರುತ್ತದೆ, ಆಗ ಹೊರಬರುವ ಆಮ್ಲ ಪಕ್ಕದ ಚೀಟಿಯನ್ನೂ ರಟ್ಟನ್ನೂ ತಿನ್ನುತ್ತದೆ. ಅಂತಹವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ, ಬೇರೆ ಮಾದರಿಗಳಿಂದ ದೂರ ಇಡಿ.

ಕೊಳ್ಳುವವರಿಗೆ ಎರಡು ಮಾತು

ಪ್ರಯಾಣ ಸಾಧ್ಯವಿಲ್ಲದ ಶಾಲೆಗಳು ಬೆಂಗಳೂರಿನ ಹರಳು ಪ್ರದರ್ಶನಗಳಲ್ಲೋ ಆನ್‌ಲೈನ್‌ನಲ್ಲೋ ಅಮೊನೈಟ್ ಕೊಳ್ಳುವುದುಂಟು. ಮಡಗಾಸ್ಕರ್‌ನ, ಎರಡು ಹೋಳಾಗಿ ಕೊಯ್ದು ಹೊಳಪು ಕೊಟ್ಟ ಜೋಡಿಗಳು ಪಾಠಕ್ಕೆ ಬಹಳ ಒಳ್ಳೆಯವು. ತಡಿಕೆ, ಕೋಣೆ, ಒಳಗೆ ಬೆಳೆದ ಹರಳು ಎಲ್ಲವೂ ಮಕ್ಕಳಿಗೆ ಒಂದೇ ನೋಟದಲ್ಲಿ ಕಾಣುತ್ತವೆ. ಕಪ್ಪು ಕಲ್ಲಿನ ಮೇಲೆ ಸುರುಳಿ ಕೆತ್ತಿ ಮಾರುವ ನಕಲಿಗಳೂ ಇವೆ. ಭೂತಕನ್ನಡಿಯಲ್ಲಿ ಗಾಳಿಗುಳ್ಳೆ ಕಂಡರೆ ಅದು ರಾಳದ ಎರಕ. ಏಣುಗಳ ನಡುವೆ ಉಳಿಯ ಸಮಾನಾಂತರ ಗೀರುಗಳಿದ್ದರೆ ಕೆತ್ತನೆ. ಎಲ್ಲಿಂದ ಬಂತೆಂದು ಮಾರಾಟಗಾರರಿಗೆ ಹೇಳಲು ಬಾರದ ಭಾರತೀಯ ಮಾದರಿಯನ್ನು ಕೊಳ್ಳಬೇಡಿ. ಅದು ರಕ್ಷಿತ ತಾಣದಿಂದ ಕಿತ್ತು ತಂದದ್ದಾಗಿರುವ ಸಾಧ್ಯತೆ ಇದೆ.

ಸಂಗ್ರಹ ಬೆಳೆದು ಮನೆಯಲ್ಲಿ ಜಾಗವಿಲ್ಲವಾದಾಗ, ಅಥವಾ ವಿಶೇಷವೆನಿಸುವ ಮಾದರಿ ಕೈಗೆ ಬಂದಾಗ, ಭೂವಿಜ್ಞಾನ ವಿಭಾಗವಿರುವ ವಿಶ್ವವಿದ್ಯಾಲಯಕ್ಕೆ ಕೊಡಬಹುದು. ಬೆಂಗಳೂರು ಮತ್ತು ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಅಂತಹ ವಿಭಾಗಗಳಿವೆ. ಮೊದಲು ಚಿತ್ರಗಳನ್ನೂ ಬಯಲಿನ ಟಿಪ್ಪಣಿಯ ಪ್ರತಿಯನ್ನೂ ಕಳಿಸಿ, ಅವರು ಒಪ್ಪಿದ ಮೇಲೆ ಮಾದರಿಯನ್ನು ಖುದ್ದಾಗಿ ಒಯ್ದು ಕೊಟ್ಟು, ಕ್ರಮಸಂಖ್ಯೆ ನಮೂದಿಸಿದ ಸ್ವೀಕೃತಿ ಪತ್ರ ಪಡೆದುಕೊಳ್ಳಿ.